ಅಂಗಳದ ತಾಯಿ



ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ಹಗಲೆಲ್ಲ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ನಮ್ಮ ಹಿರಿಯರ ಕಾಲದಲ್ಲಿ ಏಳುತ್ತಲೇ ಇರಲಿಲ್ಲ. ಅಜ್ಜಿ ಇದ್ದಳು, ದೊಡ್ಡಮ್ಮ ಇದ್ದಳು, ಲಗ್ನವಾಗದ ಅತ್ತೆಯೊಬ್ಬಳು ಇದ್ದಳು. ಕೂಸು ಒಬ್ಬರ ಮಡಿಲಿನಿಂದ ಮತ್ತೊಬ್ಬರ ಮಡಿಲಿಗೆ ಸಾಗುತ್ತ, ಯಾರಿಗೂ ಹೊರೆಯೆನಿಸದೆ ನಡೆಯಲು ಕಲಿತುಬಿಡುತ್ತಿತ್ತು. ಎಣ್ಣೆ ಹಚ್ಚಿ ನೀರೆರೆಯುವುದರಲ್ಲಿ ಕೈ ಪಳಗಿದ ಮುದುಕಿ ಓಣಿಗೊಬ್ಬಳಾದರೂ ಇರುತ್ತಿದ್ದಳು. ಈಗ ಸಂಸಾರಗಳು ಸಣ್ಣವಾಗಿವೆ. ಗಂಡ ಹೆಂಡಿರಿಬ್ಬರೂ ದುಡಿಯಲು ಹೊರಡುತ್ತಾರೆ. ನೌಕರಿಯವರಾದರೆ ಸ್ಕೂಟರಿನ ಮೇಲೆ, ಕೂಲಿಯವರಾದರೆ ಕಾಲ್ನಡಿಗೆಯಲ್ಲಿ. ಕೂಸು ಪರರ ಕೈಗೆ ಹೋಗುತ್ತದೆ. ಆ ಕೈ ಯಾರದು, ಅದು ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತದೆ ಎಂದು ವಿಚಾರಿಸುವ ಮನೆಗಳು ಕಡಿಮೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಅಂತಹ ಒಬ್ಬ ಸೋದರಿಯ ಒಂದು ಸಾಮಾನ್ಯ ದಿನಕ್ಕೆ ಮೀಸಲಿಟ್ಟಿದ್ದೇವೆ.

ಈಕೆ ಬೀದರ ನಗರದ ಹಳೆಯ ಭಾಗದ ಓಣಿಯೊಂದರ ಅಂಗನವಾಡಿ ಕಾರ್ಯಕರ್ತೆ. ತವರೂರು ಔರಾದ ತಾಲೂಕಿನ ಗಡಿಭಾಗದ ಎಕಂಬಾ. ಬೀದರಕ್ಕೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿದ್ದರಿಂದ ನಾವು ಬರೆಯುತ್ತಿಲ್ಲ. ಓಣಿಯಲ್ಲಂತೂ ಅವರ ನಿಜವಾದ ಹೆಸರು ಬಳಕೆಯಲ್ಲಿ ಉಳಿದೇ ಇಲ್ಲ. ಕನ್ನಡದ ಮನೆಯ ಮಕ್ಕಳಿಗೆ ಅವರು 'ಟೀಚರ್', ಮರಾಠಿಯ ಮನೆಯವರಿಗೆ 'ಬಾಯಿ', ಉರ್ದು ಮಾತನಾಡುವ ಮನೆಯವರಿಗೆ 'ಆಪಾ'.

ಕಳೆದ ತಿಂಗಳ ಒಂದು ಬುಧವಾರ ನಾವು ಅವರ ಮನೆ ತಲುಪಿದಾಗ ಇನ್ನೂ ಏಳು ಗಂಟೆಯಾಗಿರಲಿಲ್ಲ. ಅಷ್ಟರಲ್ಲಿ ಜೋಳದ ರೊಟ್ಟಿಯ ಬುಟ್ಟಿ ತುಂಬಿತ್ತು. ಅತ್ತೆಯವರ ಇಷ್ಟಲಿಂಗ ಪೂಜೆಗೆ ನೀರು ಕಾಯಿಸಿಟ್ಟು, ಹತ್ತನೆಯ ತರಗತಿಯ ಮಗನನ್ನು ಎಬ್ಬಿಸಿ, ಗಂಡನಿಗೆ ಬುತ್ತಿ ಕಟ್ಟಿ, ಎಂಟೂವರೆಗೆ ಮನೆ ಬಿಟ್ಟರು. ಈ ಭಾಗವನ್ನು ನಾವು ಹೆಚ್ಚು ವರ್ಣಿಸುವುದಿಲ್ಲ. ನಮ್ಮ ಓದುಗ ತಾಯಂದಿರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿದೆ. ಒಂದು ಮಾತನ್ನು ಮಾತ್ರ ಹೇಳಬೇಕು. ಪರರ ಮಕ್ಕಳಿಗೆ ಉಣಿಸಲು ಹೊರಡುವ ಈಕೆ ತಮ್ಮ ಮಗ ರೊಟ್ಟಿ ತಿಂದನೋ ಇಲ್ಲವೋ ಎಂಬುದನ್ನು ನೋಡಿ ಹೊರಡುವಷ್ಟು ಹೊತ್ತು ಆ ಮನೆಯಲ್ಲಿರಲಿಲ್ಲ.

ಅಂಗನವಾಡಿಯ ಸಮಯ ಬೆಳಿಗ್ಗೆ 9.30ರಿಂದ ಸಂಜೆ 4. ಆದರೆ ಬೀಗ ತೆಗೆಯುವುದು ಒಂಬತ್ತಕ್ಕೆ ಮೊದಲೇ. ಕೇಂದ್ರವೆಂದರೆ ಬಾಡಿಗೆಯ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಸಣ್ಣ ಅಡಿಗೆಮನೆ, ಮುಂದೆ ಹತ್ತು ಹೆಜ್ಜೆಯ ಅಂಗಳ. ಸಹಾಯಕಿ ಮುಸಲ್ಮಾನ ಮನೆತನದ ಹಿರಿಯ ಹೆಣ್ಣುಮಗಳು. ಕಾರ್ಯಕರ್ತೆ ಆಕೆಯನ್ನು 'ಆಪಾ' ಎಂದೂ, ಆಕೆ ಕಾರ್ಯಕರ್ತೆಯನ್ನು 'ಟೀಚರ್' ಎಂದೂ ಕರೆಯುವುದು ರೂಢಿ. ಒಬ್ಬರು ಕಸ ಹೊಡೆದರೆ ಇನ್ನೊಬ್ಬರು ನೀರು ತುಂಬುತ್ತಾರೆ. ಬಳಿಕ ಸಹಾಯಕಿ ಓಣಿಯೊಳಗೆ ಹೊರಡುತ್ತಾರೆ, ಮಕ್ಕಳನ್ನು ಕರೆತರಲು. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು, ಹಿಂದೆ ಸೆರಗು ಹಿಡಿದುಕೊಂಡು ಎರಡು. ದಾಖಲೆಯ ಪುಸ್ತಕದಲ್ಲಿ 24 ಹೆಸರುಗಳಿವೆ. ಅಂದು ಬಂದವು 17.

ಮೊದಲ ಒಂದು ತಾಸು ಅಳುವಿನದು. ಹೊಸದಾಗಿ ಸೇರಿದ ಮೂರು ವರ್ಷದ ಹುಡುಗನೊಬ್ಬ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ತೆಲುಗಿನಲ್ಲಿ ಅಳುತ್ತಿದ್ದ. ಹೌದು, ತೆಲುಗಿನಲ್ಲಿಯೇ, ಜಹೀರಾಬಾದ ಕಡೆಯಿಂದ ಬಂದ ಗಾರೆ ಕೆಲಸದವರ ಮಗು. ಈ ಕೋಣೆಯ ಹದಿನೇಳು ಮಕ್ಕಳು ಮನೆಯಲ್ಲಿ ಆಡುವ ನುಡಿಗಳನ್ನು ಎಣಿಸಿದೆವು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ. ಐದು. ಇದರಲ್ಲಿ ಬೆರಗೇನಿಲ್ಲ. 1956ರಲ್ಲಿ ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ, ನಿಲಂಗಾಗಳು ಒಂದು ಕಡೆಗೆ, ಜಹೀರಾಬಾದ ಮತ್ತೊಂದು ಕಡೆಗೆ. ಗಡಿಯ ಗೆರೆ ಎಳೆದವರು ನುಡಿಗಳನ್ನು ಮನೆಮನೆಯಿಂದ ಎತ್ತಿ ಬೇರೆಡೆಗೆ ಇಡಲಾಗಲಿಲ್ಲ. ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ (1890–1999) ಸಾಹಸವನ್ನು ನಮ್ಮ ಓದುಗರು ಬಲ್ಲರು. ಈ ಸೋದರಿ ಮಾಡುತ್ತಿರುವುದು ಇನ್ನೊಂದು ಬಗೆಯ ಕೆಲಸ. 'ನೀರು' ಎಂದು ಕೇಳಬೇಕಾದ ಮಗು 'ಪಾನಿ' ಎಂದರೂ 'ನೀಳ್ಳು' ಎಂದರೂ ಮೊದಲು ಲೋಟ ಕೊಡುತ್ತಾರೆ, ಆಮೇಲೆ 'ನೀರು' ಎಂಬ ಮಾತನ್ನು ಕೊಡುತ್ತಾರೆ. "ಬಾಯಾರಿದ ಕೂಸಿಗೆ ಮೊದಲು ಪಾಠ ಹೇಳಬಾರದ್ರಿ" ಎಂದು ನಮಗೆ ಹೇಳಿದರು. ಎಕಂಬಾದಲ್ಲಿ ಅಂಗಳದ ತುಂಬ ಮರಾಠಿ ಕನ್ನಡಗಳನ್ನು ಕಲಸಿ ಆಡುತ್ತ ಬೆಳೆದವರಿಗೆ ಈ ಹದ ತಾನಾಗಿ ಬಂದಿರಬೇಕು.

'ಅಂಗನವಾಡಿ' ಎಂಬ ಮಾತೂ ನಮಗೆ ಮರಾಠಿಯ ಕಡೆಯಿಂದಲೇ ಬಂದದ್ದು. ಅಂಗಣವೆಂದರೆ ಅಂಗಳ. ತಾರಾಬಾಯಿ ಮೋಡಕ (1892–1973) ಎಂಬ ಮಹನೀಯರು ಬಾಲಶಿಕ್ಷಣದಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಅವರ ಜೊತೆಗಾರರಾಗಿದ್ದು, 1945ರಲ್ಲಿ ಮಹಾರಾಷ್ಟ್ರದ ಕಡಲಂಚಿನ ಬೋರ್ಡಿ ಎಂಬ ಊರಲ್ಲಿ ಬಾಲವಾಡಿ ತೆರೆದರು. ಬಡವರ ಮಕ್ಕಳು ಶಾಲೆಗೆ ಬರಲಿಲ್ಲ. ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಅವರೂ ಅವರ ಶಿಷ್ಯೆ ಅನುತಾಯಿ ವಾಘ ಅವರೂ ಹಟ್ಟಿಗಳ ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿದರು. ಭಾರತ ಸರಕಾರವು 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಯೋಗವಾಗಿ ಆರಂಭಿಸಿದಾಗ, ನಮ್ಮ ನಾಡಿನಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು 400ರಿಂದ 800 ಜನವಸತಿಗೆ ಒಂದು ಅಂಗನವಾಡಿ ಇರಬೇಕೆಂಬುದು ಲೆಕ್ಕ. ಹೆಸರಿನಲ್ಲಿ ಅಂಗಳ ಉಳಿದಿದೆ. ನಗರದ ಅನೇಕ ಕೇಂದ್ರಗಳಿಗೆ ಅಂಗಳವಿಲ್ಲ ಎಂಬುದು ಬೇರೆ ಮಾತು.

ಹತ್ತೂವರೆಗೆ ಹಾಲು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು. ಪುಡಿಯನ್ನು ಬಿಸಿನೀರಲ್ಲಿ ಕದಡಿ, ಮಗುವಿಗೆ 150 ಮಿಲಿಲೀಟರಿನಂತೆ ಅಳೆದು ಕೊಡಬೇಕು. ಗಂಟು ಉಳಿದರೆ ಮಕ್ಕಳು ಉಗುಳುತ್ತವೆ. ಸಹಾಯಕಿ ಕಾಲು ತಾಸು ಸೌಟು ತಿರುಗಿಸುತ್ತಲೇ ಇದ್ದರು. ಹಾಲಾದ ಮೇಲೆ ಹಾಡು, ಬಣ್ಣದ ಬೀಜಗಳನ್ನು ಬೇರ್ಪಡಿಸುವ ಆಟ, ನಡುನಡುವೆ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಕಚ್ಚಾಡಿದವರನ್ನು ಬಿಡಿಸುವುದು. ನಾವು ಕುಳಿತಿದ್ದ ಎರಡು ತಾಸಿನಲ್ಲಿ ಆಕೆ ಒಮ್ಮೆಯೂ ಕುರ್ಚಿಯ ಮೇಲೆ ಕೂರಲಿಲ್ಲ. ಒಂದು ಮಗು ಬಟ್ಟೆ ಹೊಲಸು ಮಾಡಿಕೊಂಡಿತು. ಅದನ್ನು ಎತ್ತಿಕೊಂಡು ಹಿಂಬದಿಗೆ ಹೋಗಿ, ತೊಳೆದು, ಬೇರೆ ಬಟ್ಟೆ ತೊಡಿಸಿ, ತಲೆ ಬಾಚಿ ತಂದು ಕೂಡಿಸಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ನಮಗೆ ಬಸವಪುರಾಣದ ಬೆಜ್ಜಮಹಾದೇವಿಯ ನೆನಪಾಯಿತು. ಶಿವನಿಗೆ ತಾಯಿಯಿಲ್ಲವಲ್ಲ, ಇದ್ದಿದ್ದರೆ ಮಗನನ್ನು ಹಾವು ತೊಡಲು, ನಂಜು ಕುಡಿಯಲು ಬಿಡುತ್ತಿದ್ದಳೆ ಎಂದು ಮರುಗಿದ ಆ ಶರಣೆ ತಾನೇ ಅವನ ತಾಯಾಗಿ ಎಣ್ಣೆ ಹಚ್ಚಿದಳು, ಎರೆದಳು, ಉಣಿಸಿದಳು; ಶಿವ ಆಕೆಯನ್ನು ಅಮ್ಮವ್ವೆ ಎಂದು ಕರೆದನಂತೆ. ಪುರಾಣ ಕೇಳುವಾಗ ನಮಗೆ ಆ ಭಕ್ತಿ ದೊಡ್ಡದಾಗಿ ಕಾಣುತ್ತದೆ. ಓಣಿಯ ಕೂಸನ್ನು ತೊಳೆಯುವ ಕೈ ಕಂಡಾಗ ನಮ್ಮಲ್ಲಿ ಅನೇಕರು ಮೂಗಿಗೆ ಸೆರಗು ಹಿಡಿಯುತ್ತೇವೆ.

ಹನ್ನೊಂದೂವರೆಗೆ ಒಬ್ಬ ಹೆಣ್ಣುಮಗಳು ಬಂದಳು, ಕಂಕುಳಲ್ಲಿ ಇಪ್ಪತ್ತೆರಡು ತಿಂಗಳ ಹೆಣ್ಣುಕೂಸು, ಜೊತೆಗೆ ಎಂಟು ವರ್ಷದ ದೊಡ್ಡ ಮಗಳು. ಮೂಲ ಭಾಲ್ಕಿ ತಾಲೂಕಿನವರು; ಬೀದರದ ಬೇಳೆ ಗಿರಣಿಯೊಂದರಲ್ಲಿ ಕಾಳು ಹಸನು ಮಾಡುವ ಕೆಲಸ. ತಿಂಗಳಿಗೊಮ್ಮೆ ಕೂಸಿನ ತೂಕ ನೋಡುವ ದಿನವದು. ತೂಕದ ಮುಳ್ಳು 7 ಕಿಲೋ 400 ಗ್ರಾಮಿನಲ್ಲಿ ನಿಂತಿತು. ಹೋದ ತಿಂಗಳು 7 ಕಿಲೋ 600 ಇತ್ತು. ಕಾರ್ಯಕರ್ತೆ ಮಾತನಾಡಲಿಲ್ಲ. ಪೆಟ್ಟಿಗೆಯಿಂದ ಒಂದು ಪಟ್ಟಿ ತೆಗೆದು ಕೂಸಿನ ಎಡತೋಳಿಗೆ ಸುತ್ತಿದರು. ಆ ಪಟ್ಟಿಯಲ್ಲಿ ಮೂರು ಬಣ್ಣಗಳಿವೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರು ಮತ್ತು ಅದಕ್ಕಿಂತ ಹೆಚ್ಚಿದ್ದರೆ ಹಸಿರು; 11.5ರಿಂದ ಅಲ್ಲಿಯವರೆಗೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಈ ಕೂಸಿನದು 11.2.

ಕೆಂಪು ಎಂದರೆ ತೀವ್ರ ಅಪೌಷ್ಟಿಕತೆ. ಅಂತಹ ಕೂಸಿಗೆ ಒಂದು ಸಾಧಾರಣ ಭೇದಿ, ಒಂದು ನೆಗಡಿಯೂ ಪ್ರಾಣಕ್ಕೆ ಎರವಾಗಬಹುದು. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ತಾಯಿ ಮಗು ಇಬ್ಬರೂ ಇರಬೇಕು. ಹೊತ್ತುಹೊತ್ತಿಗೆ ಅಳೆದ ಆಹಾರ, ಔಷಧ, ತಾಯಿಗೂ ಊಟ, ಕೂಲಿ ತಪ್ಪಿದ್ದಕ್ಕೆ ಒಂದಿಷ್ಟು ಭತ್ಯೆ. ಇದನ್ನೆಲ್ಲ ಕಾರ್ಯಕರ್ತೆ ಮೆಲ್ಲಗೆ ಹೇಳಿದರು. ಆ ತಾಯಿ ತಲೆಯಾಡಿಸಿಬಿಟ್ಟಳು.

"ಹದಿನಾಲ್ಕು ದಿನ ನಾ ಹೋಗಲಿಲ್ಲಂದ್ರ ಗಿರಣ್ಯಾಗ ನನ್ನ ಜಾಗಕ್ಕ ಬ್ಯಾರೆ ಮಂದಿ ಬರ್ತಾರ ಬಾಯಿ. ಆಮ್ಯಾಲ ಏನ್ ಮಾಡ್ಲಿ?"

"ಖರೆ ಅದ ತಂಗಿ. ಕೂಸಿಗ್ ಹಗಲೆಲ್ಲ ಉಣಿಸೋರು ಯಾರು?"

ತಾಯಿ ದೊಡ್ಡ ಮಗಳ ಕಡೆಗೆ ಕೈ ತೋರಿದಳು. ಎಂಟು ವರ್ಷದ ಆ ಹುಡುಗಿ ತಲೆ ತಗ್ಗಿಸಿ ನಿಂತಿತ್ತು. ಅದು ಮೂರನೆಯ ತರಗತಿಯಲ್ಲಿರಬೇಕಾದ ಮಗು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ತಂಗಿಯನ್ನು ಕಂಕುಳಲ್ಲಿ ಹೊತ್ತು ತಿರುಗುವುದು ಅದರ ಕೆಲಸ. ಹಸಿದಾಗ ಚಹದಲ್ಲಿ ಅದ್ದಿದ ಬಿಸ್ಕೀಟು ತಿನ್ನಿಸುತ್ತದೆ. ಅದಕ್ಕೆ ತಿಳಿದಿರುವುದು ಅಷ್ಟೇ. ಆಯಾ ಎನ್ನೋಣವೆಂದರೆ ಅದೇ ಇನ್ನೂ ಕೂಸು.

ಇಲ್ಲಿ ಓದುಗರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಅಂಗನವಾಡಿಯಲ್ಲಿ ಹಗಲು ಉಳಿಯುವವು ಮೂರು ವರ್ಷ ತುಂಬಿ ಆರರೊಳಗಿನ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಪುಷ್ಟಿಯ ಪೊಟ್ಟಣ, ತಿಂಗಳಿಗೊಮ್ಮೆ ತೂಕ, ಚುಚ್ಚುಮದ್ದು. ಮನುಷ್ಯನ ಮಿದುಳು ಬಹುಪಾಲು ಬೆಳೆಯುವುದು ಮೊದಲ ಎರಡು ಮೂರು ವರ್ಷಗಳಲ್ಲಿ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆ ವರ್ಷಗಳಲ್ಲಿಯೇ ಬಡವರ ಕೂಸಿಗೆ ಹಗಲು ಹೊತ್ತಿನ ನೆಲೆಯಿಲ್ಲ. ಕೈಗೊಟ್ಟ ಪುಷ್ಟಿಯನ್ನು ಕಲಸಿ ಉಣಿಸುವವರು ಮನೆಯಲ್ಲಿ ಇದ್ದಾರೆಂದು ಯೋಜನೆ ನಂಬಿಕೊಂಡಿದೆ. ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತರಿಯ ತಾಯಂದಿರ ಸಲುವಾಗಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ರಾಜ್ಯ ಸರಕಾರ 2023ರಲ್ಲಿ ಪ್ರಕಟಿಸಿತು, ನಾಲ್ಕು ಸಾವಿರದ ಗುರಿಯಿಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಅದು ಹಳ್ಳಿಗೆ. ಈ ತಾಯಿ ಭಾಲ್ಕಿಯ ಹಳ್ಳಿಯಲ್ಲಿಯೇ ಉಳಿದಿದ್ದರೆ ಅದರ ನೆರಳು ಸಿಗಬಹುದಿತ್ತೇನೋ. ಇನ್ನು ಕೆಲಸದ ಸ್ಥಳದ ಮಾತು. 1948ರ ಕಾರ್ಖಾನೆ ಕಾಯಿದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೊಂದು ಕೋಣೆ ಬೇಕೆಂದಿತ್ತು; 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆ ಐವತ್ತು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಬಹುದೆಂದೂ ಹೇಳಿತು. ಹನ್ನೆರಡು ಮಂದಿ ದುಡಿಯುವ ಗಿರಣಿಗೆ ಇವು ಯಾವುವೂ ತಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ, ಶೇಕಡಾ 32.9ರಷ್ಟು ವಯಸ್ಸಿಗೆ ತಕ್ಕ ತೂಕ ಹೊಂದಿಲ್ಲವೆಂದೂ ಕಂಡುಕೊಂಡಿತು. ಈ ಅಂಕೆಗಳನ್ನು ನಾವು ಮೊದಲೂ ಓದಿದ್ದೆವು. ಆ ದಿನ ಅವುಗಳಲ್ಲಿ ಒಂದು ನಮ್ಮೆದುರು ತಕ್ಕಡಿಯಲ್ಲಿ ತೂಗುತ್ತಿತ್ತು.

ತಾಯಿ ಒಪ್ಪದೆ ಕೂಸನ್ನೆತ್ತಿಕೊಂಡು ಹೊರಟುಹೋದಳು. ಕಾರ್ಯಕರ್ತೆ ತಡೆಯಲಿಲ್ಲ. "ಈಗ ಬ್ಯಾಡ. ಮಂದಿ ಮುಂದ ಹೇಳಿದ್ರ ನಾಚಿಕಿ ಆಗ್ತದ. ಸಂಜಿಗೆ ಮನಿಗೇ ಹೋಗ್ತೀನಿ" ಎಂದರು.

ಮಧ್ಯಾಹ್ನದ ಊಟಕ್ಕೆ ಅನ್ನ ಸಾರು, ಜೊತೆಗೆ ಅಂದು ಮೊಟ್ಟೆಯ ದಿನ. ಇದು ನಮ್ಮ ಓದುಗರಲ್ಲಿ ಹಲವರಿಗೆ ಇರುಸುಮುರುಸಿನ ವಿಷಯವೆಂದು ಬಲ್ಲೆವು, ಆದರೂ ಮರೆಮಾಚಲಾರೆವು. 2021ರ ಡಿಸೆಂಬರಿನಲ್ಲಿ ಬೀದರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುವ ಕ್ರಮ ಆರಂಭವಾದಾಗ ನಮ್ಮ ಸಮಾಜದ ಕೆಲವು ಮಠಾಧೀಶರು ವಿರೋಧಿಸಿದ್ದುಂಟು, ಮನೆಮನೆಗಳಲ್ಲಿ ಚರ್ಚೆ ನಡೆದದ್ದೂ ಉಂಟು. ಈ ಸೋದರಿಯ ಮನೆಯಲ್ಲಿ ಇಂದಿಗೂ ಮೊಟ್ಟೆ ಹೊಸ್ತಿಲು ದಾಟಿಲ್ಲ. ಅತ್ತೆಯವರು ಲಿಂಗನಿಷ್ಠರು. ಆದರೆ ಕೇಂದ್ರದಲ್ಲಿ ಬೆಂದ ಮೊಟ್ಟೆಗಳ ಸಿಪ್ಪೆ ಸುಲಿದು, ನಾಲ್ಕು ಭಾಗ ಮಾಡಿ, ತಮ್ಮ ಕೈಯಿಂದಲೇ ಮಕ್ಕಳ ತಟ್ಟೆಗೆ ಹಾಕಿದರು. ಒಲ್ಲೆನೆಂದ ಮೂವರಿಗೆ ಬಾಳೆಹಣ್ಣು ಕೊಟ್ಟರು, ಒತ್ತಾಯಿಸಲಿಲ್ಲ. ಕೇಂದ್ರದ ಬಾಗಿಲು ಮುಚ್ಚಿದ ಮೇಲೆ ಮನೆಗೆ ಹೋಗಿ ಸ್ನಾನ ಮಾಡಿಯೇ ತಮ್ಮ ಪೂಜೆಗೆ ಕೂರುತ್ತಾರಂತೆ. ಮನಸ್ಸಿಗೆ ಕಷ್ಟವೆನಿಸುವುದಿಲ್ಲವೇ ಎಂದು ನಾವು ಕೇಳಿದೆವು.

"ಮನಿ ಒಲಿ ನಮ್ದು, ಅಲ್ಲಿ ನಮ್ಮ ನೇಮ ನಡೀತದ. ಇದು ಮಕ್ಕಳ ಒಲಿರಿ. ಇವರ ಮನ್ಯಾಗ ತುಪ್ಪ ಇಲ್ಲ, ಹಾಲಿಲ್ಲ. ಯಾವುದನ್ನ ತಿಂದ್ರ ಇವರ ತೋಳು ತುಂಬತಾವೋ ಅದನ್ನ ನಾ ಕೊಡಬೇಕು."

ಆಹಾರದ ನೇಮವನ್ನು ನಾವು ಗೌರವಿಸುತ್ತೇವೆ, ಪಾಲಿಸುತ್ತೇವೆ ಕೂಡ. ಆದರೆ ಅಂದಿನ ಚರ್ಚೆಗಳಲ್ಲಿ ಜೋರಾಗಿ ಮಾತನಾಡಿದವರ ಮನೆಗಳಲ್ಲಿ ಮಕ್ಕಳಿಗೆ ಎರಡು ಹೊತ್ತು ಹಾಲು, ಹೋಳಿಗೆಯ ಮೇಲೆ ತುಪ್ಪ ಇದ್ದವು ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಕೆಂಪು ಪಟ್ಟಿ ಸುತ್ತಿದ ತೋಳನ್ನು ಕಂಡ ಕೆಲವೇ ತಾಸಿನ ಮೇಲೆ ಈ ಸೋದರಿಯ ಮಾತಿಗೆ ಎದುರಾಡಲು ನಮಗೆ ನಾಲಿಗೆ ಬರಲಿಲ್ಲ.

ಒಂದೂವರೆಗೆ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದವು. ಸಹಾಯಕಿ ಪಾತ್ರೆ ತಿಕ್ಕಲು ಹೋದರು. ಈಗಲಾದರೂ ಕೂರುವರೆಂದುಕೊಂಡರೆ, ಕೂತದ್ದು ನಿಜ, ಮೊಬೈಲು ಹಿಡಿದುಕೊಂಡು. 2021ರಿಂದ 'ಪೋಷಣ್ ಟ್ರ್ಯಾಕರ್' ಎಂಬ ವ್ಯವಸ್ಥೆಯಲ್ಲಿ ಹಾಜರಾತಿ, ತೂಕ, ಎತ್ತರ, ಊಟ ಎಲ್ಲವನ್ನೂ ದಿನದಿನವೂ ತುಂಬಬೇಕು. ಹಳೆಯ ದಪ್ಪ ಪುಸ್ತಕಗಳೂ ಪೂರ್ತಿ ಹೋಗಿಲ್ಲ. ಹಳೆಯ ಪೇಟೆಯ ಕಲ್ಲುಗೋಡೆಗಳ ನಡುವೆ ಮೊಬೈಲಿನ ಸಂಕೇತ ಸಿಗದು. ಬಾಗಿಲಿಗೆ ಹೋಗಿ ಕೈ ಮೇಲೆತ್ತಿ ನಿಂತರು. ಇದರ ಮೇಲೆ ಇತರ ಹೊರೆಗಳು ಬೇರೆ. ಭಾಗ್ಯಲಕ್ಷ್ಮಿಯ ಅರ್ಜಿ ಇವರ ಮೂಲಕ, ಮತದಾರರ ಪಟ್ಟಿಯ ಕೆಲಸ ಅನೇಕರ ಪಾಲಿಗೆ, 2020ರಲ್ಲಿ ಕೊರೋನಾ ಬಂದಾಗ ಬಾಗಿಲು ಬಾಗಿಲಿಗೆ ಹೋಗಿ ಜ್ವರ ವಿಚಾರಿಸಿದವರಲ್ಲಿ ಇವರೂ ಇದ್ದರು. 2017ರಲ್ಲಿ ಮಾತೃಪೂರ್ಣ ಬಂದ ಮೇಲೆ ಬಸುರಿ ಬಾಣಂತಿಯರ ಊಟವೂ ಇದೇ ಒಲೆಯ ಮೇಲೆ. ಸರಕಾರಕ್ಕೆ ಓಣಿಯೊಳಗಿನ ಯಾವ ಸುದ್ದಿ ಬೇಕಾದರೂ ಮೊದಲು ನೆನಪಾಗುವುದು ಅಂಗನವಾಡಿ.

ಹಾಗಾದರೆ ಈ ದುಡಿತಕ್ಕೆ ಸಂಬಳವೆಷ್ಟು? ಸಂಬಳ ಎನ್ನುವಂತಿಲ್ಲ. 'ಗೌರವಧನ' ಎನ್ನಬೇಕು. 1975ರಲ್ಲಿ ಯೋಜನೆ ಆರಂಭವಾದಾಗ ಮೆಟ್ರಿಕ್ ಆದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100, ಸಹಾಯಕಿಗೆ 35. ಕೇಂದ್ರ ಸರಕಾರ ಕೊಡುವ ಗೌರವಧನ 2018ರ ಅಕ್ಟೋಬರಿನಿಂದ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ಆಯಿತು. ಅದಕ್ಕೆ ರಾಜ್ಯ ತನ್ನದನ್ನು ಕೂಡಿಸುತ್ತದೆ. 2025–26ರ ರಾಜ್ಯ ಮುಂಗಡಪತ್ರದಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿಯ ಹೆಚ್ಚಳ ಪ್ರಕಟವಾಯಿತು. ಬೇಡಿಕೆಗಳು ಸುಮ್ಮನೆ ಈಡೇರಿದವೆಂದು ಯಾರೂ ತಿಳಿಯಬಾರದು. 2017ರ ಮಾರ್ಚಿನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಹಗಲು ಮಲಗಿ ಕೇಳಿಕೊಂಡದ್ದನ್ನು ನಾಡು ಕಂಡಿದೆ. ಇವರದು ಸರಕಾರಿ ಹುದ್ದೆಯಲ್ಲವೆಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು. ಅದೇ ನ್ಯಾಯಾಲಯ 2022ರ ಏಪ್ರಿಲ್ 25ರಂದು, ಗುಜರಾತಿನ ಪ್ರಕರಣವೊಂದರಲ್ಲಿ, 1972ರ ಕಾಯಿದೆಯಂತೆ ಇವರಿಗೂ ಉಪದಾನ ಸಲ್ಲಬೇಕೆಂದು ಹೇಳಿತು. ಒಂದು ದುಡಿಮೆಯನ್ನು ದುಡಿಮೆಯೆಂದು ಕರೆಯಲು ನಮ್ಮ ನಾಡಿಗೆ ಅರ್ಧ ಶತಮಾನವಾದರೂ ಸಾಲದಾಯಿತು. ಗೌರವವೆಂಬ ಮಾತನ್ನು ಹಣದ ಜಾಗದಲ್ಲಿಟ್ಟು, ಹಣವನ್ನು ಮಾತ್ರ ಮಿತಗೊಳಿಸಿದ ಈ ಪದವನ್ನು ಯಾರು ಟಂಕಿಸಿದರೋ! ಕಾಯಕಕ್ಕೆ ಮೇಲು ಕೀಳಿಲ್ಲವೆಂದು ಬಸವಣ್ಣನವರ ಹೆಸರಿನಲ್ಲಿ ಸಭೆಗಳಲ್ಲಿ ಹೇಳುವ ನಾವು, ಕೂಸು ಕಾಯುವ ಕಾಯಕವನ್ನು 'ಹೆಂಗಸರಿಗೆ ಸಹಜವಾಗಿ ಬರುವಂಥದ್ದು' ಎಂದು ಲೆಕ್ಕದಿಂದ ಹೊರಗಿಡುತ್ತೇವೆ. ಸಹಜವಾಗಿ ಬರುತ್ತದೆಯೇ? ಅಳುವ ಹದಿನೇಳು ಮಕ್ಕಳ ನಡುವೆ ಅರ್ಧ ದಿನ ಕುಳಿತು ನೋಡಬಹುದು.

ನೌಕರಿಯ ಮನೆಗಳಲ್ಲಿ ಕೂಸು ನೋಡಿಕೊಳ್ಳಲು ಇಟ್ಟುಕೊಂಡಿರುವ ಹೆಣ್ಣುಮಕ್ಕಳ ವಿಷಯವೂ ಇದರ ಪಕ್ಕದ್ದೇ. ಬೀದರ, ಕಲಬುರಗಿ, ಹೈದರಾಬಾದಗಳಲ್ಲಿ ನೆಲೆಸಿದ ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಔರಾದ, ಭಾಲ್ಕಿ ಕಡೆಯಿಂದ ಬಂದ ಇಂತಹವರಿದ್ದಾರೆ. ಕೂಸನ್ನು ಅವರ ಮಡಿಲಿಗೆ ಒಪ್ಪಿಸುತ್ತೇವೆ. ನೀರಿನ ಲೋಟವನ್ನು ಬೇರೆ ಇಡುತ್ತೇವೆ. ವಾರಕ್ಕೊಂದು ರಜೆ ಕೇಳಿದರೆ ಹುಬ್ಬು ಗಂಟಿಕ್ಕುತ್ತೇವೆ. ಅವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿದ ಮನೆಯೊಡತಿಯರನ್ನು ನಾವು ಬೆರಳಲ್ಲಿ ಎಣಿಸಬಲ್ಲೆವು.

ನಾಲ್ಕು ಗಂಟೆಗೆ ಮಕ್ಕಳು ಮನೆಗೆ ಹೋದವು. ಒಂದು ಮಗುವಿನ ತಂದೆ ಬಂದದ್ದು ನಾಲ್ಕೂ ಮುಕ್ಕಾಲಿಗೆ. ಅಷ್ಟು ಹೊತ್ತು ಸಹಾಯಕಿ ಆ ಮಗುವಿನೊಂದಿಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ತಡವಾದದ್ದಕ್ಕೆ ಆತ ಏನೂ ಹೇಳಲಿಲ್ಲ, ಮಗುವಿನ ಚೀಲ ಎತ್ತಿಕೊಂಡು ನಡೆದ.

ಆರೂವರೆಗೆ ನಾವು ಕಾರ್ಯಕರ್ತೆಯೊಂದಿಗೆ ಗಿರಣಿಯ ಆ ತಾಯಿಯ ಮನೆಗೆ ಹೋದೆವು. ತಗಡಿನ ಒಂದೇ ಕೋಣೆ. ಆಕೆ ಆಗಷ್ಟೇ ಬಂದಿದ್ದಳು, ಕೂದಲ ಮೇಲೆ ಇನ್ನೂ ಬೇಳೆಯ ಧೂಳಿತ್ತು. ಕಾರ್ಯಕರ್ತೆ ಆಸ್ಪತ್ರೆಯ ಮಾತನ್ನೇ ಎತ್ತಲಿಲ್ಲ. ನೆಲದ ಮೇಲೆ ಕುಳಿತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ತಂದಿದ್ದ ಪುಷ್ಟಿಯನ್ನು ಬಿಸಿನೀರಲ್ಲಿ ಕಲಸಿ, ಬೆರಳ ತುದಿಯಿಂದ ಉಣಿಸತೊಡಗಿದರು. ಕೂಸು ಮೊದಲು ಮುಖ ತಿರುಗಿಸಿತು. ನಾಲ್ಕನೆಯ ಬೆರಳಿಗೆ ಬಾಯಿ ತೆರೆಯಿತು. ಹಾಗೆ ಅರ್ಧ ತಾಸು. ದೊಡ್ಡ ಹುಡುಗಿ ಪಕ್ಕದಲ್ಲಿ ಕುಳಿತು ಬೆರಳು ಹೇಗೆ ಹೋಗುತ್ತದೆ ಎಂಬುದನ್ನೇ ನೋಡುತ್ತಿತ್ತು. ಬಟ್ಟಲು ಬರಿದಾದ ಮೇಲೆ ತಾಯಿಯೇ ಕೇಳಿದಳು.

"ದವಾಖಾನ್ಯಾಗ ಇಟಗೊಂಡ್ರ ಖರೇನ ತೂಕ ಏರ್ತದೇನ್ ಬಾಯಿ?"

"ಏರ್ತದ. ಹೋದ ವರ್ಷ ನಮ್ಮ ಓಣಿದ್ದೇ ಒಂದು ಕೂಸು ಹೋಗಿತ್ತು. ಈಗ ದಿನಾ ನನ್ನ ಬಾಗಿಲಾಗ ಬಂದು ಜಗಳಾ ಮಾಡ್ತದ."

ಗಿರಣಿಯ ಕೆಲಸದ ಮಾತು ಮತ್ತೆ ಬಂತು. ನಾದಿನಿಯೊಬ್ಬಳು ಭಾಲ್ಕಿಯಲ್ಲಿದ್ದಾಳೆ, ಹದಿನಾಲ್ಕು ದಿನ ತನ್ನ ಬದಲಿಗೆ ಅವಳು ಬಂದು ಗಿರಣಿಯಲ್ಲಿ ನಿಂತರೆ ಮಾಲಕರು ಒಪ್ಪಬಹುದು ಎಂದು ತಾಯಿ ತಾನೇ ಲೆಕ್ಕ ಹಾಕಿದಳು. ದೊಡ್ಡ ಮಗಳನ್ನು ಆ ಹದಿನಾಲ್ಕು ದಿನ ಶಾಲೆಗೆ ಕಳುಹಿಸುವುದೆಂದೂ, ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಸಹಾಯಕಿಯ ಮನೆಯಲ್ಲಿರಲೆಂದೂ ಕಾರ್ಯಕರ್ತೆ ಹೇಳಿದರು. ಸಹಾಯಕಿಯನ್ನು ಕೇಳದೆಯೇ ಹೇಳಿದಿರಲ್ಲ ಎಂದು ದಾರಿಯಲ್ಲಿ ನಾವು ವಿಚಾರಿಸಿದೆವು. "ಆಪಾ ಮಧ್ಯಾಹ್ನನೇ ಹೇಳಿ ಇಟ್ಟಾರ್ರಿ" ಎಂದರು.

ಭಾಲ್ಕಿಗೆ ಫೋನು ಮಾಡಿ ನಾಳೆ ಹೇಳುತ್ತೇನೆಂದು ತಾಯಿ ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಮರುದಿನ ಗುರುವಾರ, ಚುಚ್ಚುಮದ್ದಿನ ದಿನ. ಒಂಬತ್ತು ತಿಂಗಳು ತುಂಬಿದ ಎರಡು ಕೂಸುಗಳಿಗೆ ದಡಾರದ ಲಸಿಕೆ, ಆರು ವಾರದ ಒಂದಕ್ಕೆ ಮೊದಲ ಸುತ್ತು. ಆ ಮೂರು ಮನೆಗಳಿಗೆ ನೆನಪು ಮಾಡಿ ಬರುವುದು ಬಾಕಿ ಇತ್ತು. ಸೋದರಿ ಸೆರಗು ಸಿಕ್ಕಿಸಿಕೊಂಡು ಮುಂದಿನ ಓಣಿಯ ಕಡೆಗೆ ತಿರುಗಿದರು.